ಆಯ ತಪ್ಪುವ ಗಳಿಗೆ: ಇಳಿವಯಸ್ಸಿನ ಸ್ನಾಯು ಮತ್ತು ಚಿತ್ರದುರ್ಗ ಸೀಮೆಯ ನೆಲ

ವಯಸ್ಸಾದವರೊಬ್ಬರು ಬಿದ್ದ ಸುದ್ದಿ ಬಂದೊಡನೆ ಮನೆಯವರು ಕೇಳುವುದು ಎಲ್ಲಿ ಪೆಟ್ಟಾಯಿತು ಎಂದು. ಆಸ್ಪತ್ರೆಯ ಚೀಟಿಯಲ್ಲಿ ಉಳಿಯುವುದು ಮುರಿದ ಮೂಳೆಯ ಹೆಸರು. ಯಾವ ಕಡೆಗೆ ವಾಲಿದರು, ಆಗ ಕೈಯಲ್ಲಿ ಏನಿತ್ತು, ಕಾಲಡಿಯ ನೆಲ ಎಂಥದ್ದು, ಹೆಜ್ಜೆ ಕಿತ್ತಿಡಲು ಜಾಗವಿತ್ತೇ ಎಂಬ ಸಂಗತಿಗಳು ಎಲ್ಲೂ ದಾಖಲಾಗದೆ ಹೋಗುತ್ತವೆ. ದೇಹದ ಸಮತೋಲನದ ಬಗ್ಗೆ ಸುಮಾರು ಐವತ್ತು ವರ್ಷಗಳಿಂದ ನಡೆದಿರುವ ಪ್ರಯೋಗಗಳನ್ನು ಓದಿದರೆ, ಹೀಗೆ ಕಳೆದುಹೋಗುವ ವಿವರಗಳೇ ಬೀಳುವಿಕೆಯ ಕಾರಣವನ್ನು ಹೇಳಬಲ್ಲವು ಎಂಬುದು ಸ್ಪಷ್ಟವಾಗುತ್ತದೆ. ಆ ಪ್ರಯೋಗಗಳ ತಿಳಿವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನೆಲ, ನೀರು, ಕೆಲಸಗಳ ಪಕ್ಕದಲ್ಲಿಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ, ಐವರಲ್ಲಿ ನಾಲ್ವರು ಹಳ್ಳಿಗಳಲ್ಲಿದ್ದರು. ಅದೇ ಗಣತಿಯಲ್ಲಿ ರಾಜ್ಯದ ಜನರಲ್ಲಿ 60 ದಾಟಿದವರು ಸುಮಾರು ಶೇ 9.5. ಈ ಪಾಲು ಏರುತ್ತಲೇ ಇದೆ.

ಮೊದಲು ದೇಹದ ಲೆಕ್ಕ. ನಿಂತಿರುವ ಮನುಷ್ಯ ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದ ಒನಕೆಯ ಹಾಗೆ: ಭಾರವೆಲ್ಲ ಮೇಲೆ, ಆಧಾರ ಕೆಳಗೆ ಚಿಕ್ಕದು. ಹೊರಗಿನವರಿಗೆ ಸುಮ್ಮನೆ ನಿಂತಂತೆ ಕಂಡರೂ ದೇಹ ಎಡೆಬಿಡದೆ ಸಣ್ಣಗೆ ತೂಗುತ್ತಿರುತ್ತದೆ. ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ಒಟ್ಟುಗೂಡಿಸಿ ಸ್ನಾಯುಗಳಿಗೆ ಆಜ್ಞೆ ಕಳುಹಿಸುತ್ತಿರುತ್ತದೆ. ಯಾರೋ ತಳ್ಳಿದರೆ, ನೆಲ ಜಾರಿದರೆ, ಬಸ್ಸು ತಟ್ಟನೆ ಹೊರಟರೆ ಈ ವ್ಯವಸ್ಥೆಯ ನಿಜವಾದ ಸಾಮರ್ಥ್ಯ ಹೊರಬೀಳುತ್ತದೆ.

ಅದನ್ನು ಅಳೆಯುವ ದಾರಿಯನ್ನು 1970ರ ದಶಕದಲ್ಲಿ ತೋರಿಸಿದವರು ಅಮೆರಿಕದ ಲೂಯಿಸ್ ನ್ಯಾಶ್ನರ್. ಸರಿಯುವ ಹಲಗೆಯ ಮೇಲೆ ಜನರನ್ನು ನಿಲ್ಲಿಸಿ, ಹಲಗೆಯನ್ನು ಇದ್ದಕ್ಕಿದ್ದಂತೆ ಎಳೆದು, ಕಾಲಿನ ಸ್ನಾಯುಗಳ ವಿದ್ಯುತ್ ಸಂಕೇತವನ್ನು ಅವರು ದಾಖಲಿಸಿದರು. ಹಲಗೆ ಹಿಂದಕ್ಕೆ ಸರಿದರೆ ದೇಹ ಮುಂದಕ್ಕೆ ವಾಲುತ್ತದೆ; ಸುಮಾರು 100 ಮಿಲಿಸೆಕೆಂಡಿನಲ್ಲಿ ಮೀನಖಂಡ ಬಿಗಿಯುತ್ತದೆ, ಅದರ ಬೆನ್ನಿಗೇ ತೊಡೆಯ ಹಿಂಬದಿ, ಆಮೇಲೆ ಬೆನ್ನಿನ ಕೆಳಭಾಗ. ಹಲಗೆ ಮುಂದಕ್ಕೆ ಸರಿದರೆ ದೇಹ ಹಿಂದಕ್ಕೆ ವಾಲುತ್ತದೆ. ಆಗ ಮೊಣಕಾಲಿನ ಕೆಳಗೆ ಎಲುಬಿನ ಮುಂದೆ ಇಳಿದು ಪಾದವನ್ನು ಮೇಲೆತ್ತುವ ಸ್ನಾಯು ಮೊದಲು, ತೊಡೆಯ ಮುಂಬದಿ ಬಳಿಕ, ಕೊನೆಗೆ ಹೊಟ್ಟೆ. ಕೆಳಗಿನಿಂದ ಮೇಲಕ್ಕೆ ಹೋಗುವ ಈ ಸರದಿಯನ್ನು ಯಾರೂ ಯೋಚಿಸಿ ನಡೆಸುವುದಿಲ್ಲ. ಬೆನ್ನುಹುರಿಯ ಸರಳ ಪ್ರತಿವರ್ತನೆ 40–50 ಮಿಲಿಸೆಕೆಂಡಿನಲ್ಲಿ ಬರುತ್ತದೆ, ಆದರೆ ದೇಹವನ್ನು ಎತ್ತಿ ನಿಲ್ಲಿಸಲು ಅದು ಸಾಲದು. ಬೇಕೆಂದು ಮಾಡುವ ಚಲನೆ ಇನ್ನೂ ತಡ. ನಮ್ಮನ್ನು ಉಳಿಸುವುದು ಇವೆರಡರ ನಡುವಿನ, ಅರಿವಿಗೆ ಬಾರದ ಸ್ಪಂದನ.

1986ರಲ್ಲಿ ಎರಡು ಮುಖ್ಯ ಪ್ರಬಂಧಗಳು ಬಂದವು. ಮಾರ್ಜರಿ ವುಲ್ಲಕಾಟ್, ಆ್ಯನ್ ಶಮ್ವೇ-ಕುಕ್ ಮತ್ತು ನ್ಯಾಶ್ನರ್ ವಯಸ್ಸಾದವರನ್ನೂ ಕಿರಿಯರನ್ನೂ ಇಂಥ ಹಲಗೆಯ ಮೇಲೆ ಹೋಲಿಸಿದರು. ವಯಸ್ಸಾದವರಲ್ಲಿ ಕಾಲಿನ ಮುಂಬದಿಯ ಸ್ನಾಯು ತಡವಾಗಿ ಎಚ್ಚೆತ್ತಿತು. ಕೆಲವರಲ್ಲಿ ಸರದಿ ತಲೆಕೆಳಗಾಗಿ ತೊಡೆ ಮೊದಲು, ಕಾಲು ಆಮೇಲೆ ಸ್ಪಂದಿಸಿತು. ಎದುರುಬದುರಿನ ಸ್ನಾಯುಗಳು ಒಟ್ಟಿಗೇ ಬಿಗಿದು ಕೀಲುಗಳು ಸೆಟೆದುಕೊಂಡವು. ಕಣ್ಣಿನ ಮತ್ತು ಪಾದದ ಸುದ್ದಿ ಎರಡನ್ನೂ ಕೆಡಿಸಿದಾಗ ಹಲವರು ಮೊದಲ ಸಲ ಆಯ ತಪ್ಪಿದರು, ಆದರೆ ಮುಂದಿನ ಸಲಗಳಲ್ಲಿ ಸುಧಾರಿಸಿಕೊಂಡರು. ಇಳಿವಯಸ್ಸಿನ ನರವ್ಯೂಹಕ್ಕೂ ಕಲಿಯುವ ಶಕ್ತಿ ಉಳಿದಿರುತ್ತದೆ ಎಂಬ ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇನ್ನೊಂದು ಪ್ರಬಂಧ ಫೇ ಹೊರಾಕ್ ಮತ್ತು ನ್ಯಾಶ್ನರ್ ಅವರದು. ಅಗಲವಾದ ನೆಲದಲ್ಲಿ ಪಾದದ ಕೀಲಿನಿಂದ ದೇಹವನ್ನು ಸರಿಪಡಿಸಿಕೊಳ್ಳುವವರೇ, ಪಾದಕ್ಕಿಂತ ಕಿರಿದಾದ ತೊಲೆಯ ಮೇಲೆ ನಿಂತಾಗ ಸೊಂಟವನ್ನು ಬಾಗಿಸಿ ಸರಿಪಡಿಸಿಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಎರಡೂ ಸಾಲದಾದರೆ ಉಳಿಯುವ ದಾರಿ ಹೆಜ್ಜೆ ಕಿತ್ತಿಡುವುದು, ಇಲ್ಲವೇ ಏನನ್ನಾದರೂ ಹಿಡಿದುಕೊಳ್ಳುವುದು.

ಸ್ಪಂದನದ ತಡದ ಬಗ್ಗೆ ಬರಹಗಳು ಬಹಳ. ಆದರೆ ಆ ತಡ ಸಾಮಾನ್ಯವಾಗಿ ಕೆಲವೇ ಹತ್ತು ಮಿಲಿಸೆಕೆಂಡುಗಳಷ್ಟು. ಅದಕ್ಕಿಂತ ದೊಡ್ಡ ನಷ್ಟ, ಎಚ್ಚೆತ್ತ ಸ್ನಾಯು ಎಷ್ಟು ಬೇಗ ಬಲ ತುಂಬಿಕೊಳ್ಳುತ್ತದೆ ಎಂಬುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ವಯಸ್ಸಿನೊಂದಿಗೆ ವೇಗದ ಸ್ನಾಯುನಾರುಗಳು ಮೊದಲು ಸೊರಗುತ್ತವೆ, ಅವನ್ನು ನಡೆಸುವ ನರಕೋಶಗಳೂ ಕಡಿಮೆಯಾಗುತ್ತವೆ. ಮಿಶಿಗನ್ ವಿಶ್ವವಿದ್ಯಾಲಯದ ತಂಡವೊಂದು 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಗಂಡಸರನ್ನು ಹಗ್ಗದ ಆಸರೆಯಲ್ಲಿ ಮುಂದಕ್ಕೆ ವಾಲಿಸಿ, ಹಗ್ಗವನ್ನು ಫಕ್ಕನೆ ಬಿಟ್ಟು, ಒಂದೇ ಹೆಜ್ಜೆಯಲ್ಲಿ ಸಾವರಿಸಿಕೊಳ್ಳಲು ಹೇಳಿದರು. ಯುವಕರು ಸುಮಾರು 32 ಡಿಗ್ರಿ ವಾಲಿದ್ದರೂ ಎದ್ದುನಿಂತರು. ವೃದ್ಧರಿಗೆ ಸುಮಾರು 24 ಡಿಗ್ರಿಯೇ ಮಿತಿಯಾಯಿತು. ಅಡ್ಡಿಯಾದದ್ದು ಮುಖ್ಯವಾಗಿ ಹೆಜ್ಜೆಯ ವೇಗ. ಕೆನಡಾದ ಬ್ರಯನ್ ಮಾಕಿ ಮತ್ತು ವಿಲಿಯಂ ಮೆಕಿಲ್ರಾಯ್ ಅವರ ಪ್ರಯೋಗಗಳಲ್ಲಿ ವಯಸ್ಸಾದವರು ಒಂದು ಹೆಜ್ಜೆಯ ಬದಲು ಎರಡು ಮೂರು ಹೆಜ್ಜೆ ಇಡುತ್ತಿದ್ದರು, ಆ ನಂತರದ ಹೆಜ್ಜೆಗಳಲ್ಲಿ ಪಕ್ಕಕ್ಕೆ ವಾಲುತ್ತಿದ್ದರು. ಪಕ್ಕಕ್ಕೆ ಬಿದ್ದು ಸೊಂಟದ ಬದಿ ನೆಲಕ್ಕೆ ಬಡಿದರೆ ತೊಡೆಮೂಳೆಯ ಕತ್ತು ಮುರಿಯುವ ಸಂಭವ ಹಲವು ಪಟ್ಟು ಹೆಚ್ಚು. ಹಿಂದಕ್ಕೆ ಬಿದ್ದರೆ ಬೆನ್ನು, ತಲೆ. ಮುಂದಕ್ಕೆ ಬಿದ್ದರೆ ಮಣಿಕಟ್ಟು. ಬಿದ್ದ ದಿಕ್ಕು ಎಂಬ ಒಂದು ಸಂಗತಿ ಯಾವ ಸ್ನಾಯು, ಯಾವ ಉಪಾಯ ಸೋತಿತು ಎಂಬುದನ್ನೇ ಹೇಳಿಬಿಡುತ್ತದೆ.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ. ಪ್ರಯೋಗಾಲಯದ ಕಿರಿದಾದ ತೊಲೆಗೆ ನಮ್ಮಲ್ಲಿ ಸಮನಾದದ್ದು ಹೊಲದ ಬದು. ಹೊಸದುರ್ಗದ ತೆಂಗಿನ ತೋಟಕ್ಕೋ ಹಿರಿಯೂರಿನ ಶೇಂಗಾ ಹೊಲಕ್ಕೋ ಬದುವಿನ ಮೇಲೆ ನಡೆದು ಹೋಗುವ ಎಪ್ಪತ್ತರ ರೈತ, ಹೊರಾಕ್ ಹೇಳಿದ ಸೊಂಟದ ಉಪಾಯವನ್ನು ದಿನವೂ ಬಳಸುತ್ತಾನೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಮಳೆಗಾಲದ ತೇವ, ಕೊಳೆತ ಸೋಗೆ, ಬಸಿಗಾಲುವೆ ದಾಟುವ ಹಲಗೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಬಂಡೆಯ ಇಳಿಜಾರು ಮತ್ತು ಸವೆದ ಮೆಟ್ಟಿಲುಗಳು. ಹತ್ತುವಾಗ ಏದುಸಿರು ಬಂದರೂ ಅಪಾಯ ಹೆಚ್ಚು ಇಳಿಯುವಾಗ, ಏಕೆಂದರೆ ತೊಡೆಯ ಮುಂಬದಿಯ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿಯಬೇಕಾಗುತ್ತದೆ, ಪಾದ ಜಾರಿದರೆ ದೇಹ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ವಾಲಿದಾಗ ಉಳಿಸಬೇಕಾದ ಸ್ನಾಯುವೇ ವಯಸ್ಸಿನಲ್ಲಿ ತಡಮಾಡುವ ಸ್ನಾಯು.

ಬಸ್ಸಿನದೂ ಇದೇ ಕಥೆ. ಬಸ್ಸು ಹೊರಟಾಗ ಕಾಲಡಿಯ ನೆಲ ಮುಂದಕ್ಕೆ ಸರಿಯುತ್ತದೆ, ನಿಂತವರು ಹಿಂದಕ್ಕೆ ವಾಲುತ್ತಾರೆ. ನ್ಯಾಶ್ನರ್ ಅವರ ಹಲಗೆ ಮಾಡುತ್ತಿದ್ದುದು ಇಷ್ಟನ್ನೇ. ಹತ್ತಿದ ಅಜ್ಜಿ ಕಂಬಿ ಹಿಡಿಯುವ ಮೊದಲೇ ಬಸ್ಸು ಎಳೆದರೆ ಆಕೆಯ ದೇಹಕ್ಕೆ ನಾವು ಕೊಡುತ್ತಿರುವುದು ಸಹಾಯಕರಿಲ್ಲದ, ಬೆಲ್ಟಿಲ್ಲದ ಪ್ರಯೋಗ. ವಯಸ್ಸಾದವರು ಕೂತ ಮೇಲೆ ‘ರೈಟ್’ ಹೇಳುವ ಕಂಡಕ್ಟರ್ ಮಾಡುತ್ತಿರುವುದು ನಿಜವಾದ ಆರೋಗ್ಯ ಸೇವೆ.

ಆದರೆ ಈ ಸೀಮೆಯ ಅಧ್ಯಯನಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹ್ಯ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಸೀಳುಗಳಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆ, ಬಾವಿ ಆಳ ಹೆಚ್ಚು ಎಂಬಲ್ಲಿ ಸಮಸ್ಯೆ ಬಲಿಯುತ್ತದೆ. ಇಂಥ ನೀರಿನಿಂದ ಬರುವ ಫ್ಲೋರೋಸಿಸ್ ಕಾಯಿಲೆ ಮೂಳೆಗೆ ಏನು ಮಾಡುತ್ತದೆ ಎಂಬುದನ್ನು ಭಾರತದಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಬೆನ್ನುಮೂಳೆಯ ಅಸ್ಥಿರಜ್ಜುಗಳಲ್ಲಿ ಸುಣ್ಣ ಕಟ್ಟಿ ಬೆನ್ನು ಒಂದೇ ದಿಂಡಿನಂತಾಗುತ್ತದೆ, ಕತ್ತು ತಿರುಗದು, ಸೊಂಟ ಮತ್ತು ಮೊಣಕಾಲು ಅರೆಮಡಿಸಿದ ಸ್ಥಿತಿಯಲ್ಲೇ ನಿಲ್ಲುತ್ತವೆ. ತೀವ್ರವಾದರೆ ಕತ್ತಿನ ಮಟ್ಟದಲ್ಲಿ ಬೆನ್ನುಹುರಿಯೇ ಅದುಮಿಹೋಗಿ ಕಾಲುಗಳ ಬಲ ಮತ್ತು ಸ್ಪರ್ಶ ಕುಂದುತ್ತವೆ.

ಇದನ್ನು ಹಿಂದೆ ಹೇಳಿದ ಪ್ರಯೋಗಗಳ ಜೊತೆಗಿಟ್ಟು ನೋಡಿ. ಕಿರಿದಾದ ಬದುವಿನ ಮೇಲೆ ಉಳಿಯಲು ಸೊಂಟ ಬಾಗಬೇಕು. ಫ್ಲೋರೋಸಿಸ್ ಆದವರ ಸೊಂಟ ಮತ್ತು ಬೆನ್ನು ಬಾಗವು. ದೇಹ ಮೊದಲೇ ಮುಂದಕ್ಕೆ ಬಗ್ಗಿರುವುದರಿಂದ ಭಾರ ಪಾದದ ಮುಂದಿನ ಅಂಚಿಗೆ ಬಂದಿರುತ್ತದೆ. ಸಾವರಿಸಿಕೊಳ್ಳಲು ಉಳಿದ ಅಂತರ ಕಡಿಮೆ. ಕತ್ತು ಬಾಗದವರು ಕಾಲಡಿಯ ಕಲ್ಲನ್ನು ನೋಡಲಾರರು. ಬೆನ್ನುಹುರಿಗೆ ಒತ್ತಡವಿದ್ದರೆ ಪಾದದ ಸುದ್ದಿಯೇ ಮೇಲೆ ತಲುಪದು. ಉಳಿಯುವುದು ಹೆಜ್ಜೆ ಕಿತ್ತಿಡುವ ಉಪಾಯ ಒಂದೇ. ಮಡಿಸಿದ ಮೊಣಕಾಲಿನಲ್ಲಿ ಅದೂ ನಿಧಾನ. ಹಾಗಾಗಿ ಹಿರಿಯೂರಿನ ಹಳ್ಳಿಯೊಂದರ 65ರ ರೈತನೂ ಬೆಂಗಳೂರಿನ 65ರ ನಿವೃತ್ತ ಗುಮಾಸ್ತನೂ ಒಂದೇ ಹಲಗೆಯ ಮೇಲೆ ಒಂದೇ ಬಗೆಯಲ್ಲಿ ಆಯ ತಪ್ಪುತ್ತಾರೆ ಎಂದು ನಂಬುವುದು ತಪ್ಪು. ಇಬ್ಬರನ್ನೂ ‘ವಯಸ್ಸಾದವರು’ ಎಂಬ ಒಂದೇ ಸಾಲಿಗೆ ಸೇರಿಸಿದರೆ ನೀರಿನ ಹಾನಿಯನ್ನು ವಯಸ್ಸಿನ ತಲೆಗೆ ಕಟ್ಟಿದಂತಾಗುತ್ತದೆ.

ಬೇರ್ಪಡಿಸುವುದು ಸಾಧ್ಯ. ಯಾವ ವಯಸ್ಸಿನಲ್ಲಿ ಯಾವ ನೀರು ಕುಡಿದರು ಎಂದು ಕೇಳಿದರೆ ಸಾಕು, ಒಂದು ಅಂದಾಜು ಸಿಗುತ್ತದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ನೀರಾಗಲಿ, ಸೂಳೆಕೆರೆ ಎಂದು ಜನ ಕರೆಯುವ ಶಾಂತಿಸಾಗರದ ನೀರಾಗಲಿ ಮೇಲ್ಮೈ ನೀರು; ಆಳದ ಬಂಡೆಯ ಸಂಪರ್ಕ ಅದಕ್ಕಿಲ್ಲ. ಕೆರೆ, ತೆರೆದ ಬಾವಿ, ಕೊಳವೆಬಾವಿ, ಮತ್ತೆ ನಲ್ಲಿಯ ನೀರು ಎಂದು ಒಬ್ಬರ ಬದುಕಿನಲ್ಲೇ ನೀರಿನ ಮೂಲ ಮೂರು ನಾಲ್ಕು ಸಲ ಬದಲಾಗಿರಬಹುದು. 1960ರ ಆಸುಪಾಸಿನಲ್ಲಿ ಹುಟ್ಟಿ, ಹಳ್ಳಿಗಳಿಗೆ ಕೊಳವೆಬಾವಿ ಬಂದ ಕಾಲದಲ್ಲಿ ಬೆಳೆದವರು ಈಗ ಇಳಿವಯಸ್ಸಿಗೆ ಕಾಲಿಟ್ಟಿದ್ದಾರೆ. ಅವರ ಸಮತೋಲನವನ್ನು ಅಳೆಯುವ ಯಾರೇ ಆದರೂ ನೀರಿನ ಈ ಚರಿತ್ರೆಯನ್ನು ಕೇಳದೆ ಅಳೆದರೆ ಅಳತೆ ಅರ್ಧವೇ.

ಮೂಳೆ ಸಾಂದ್ರತೆಯ ಪರೀಕ್ಷೆಯ ಬಗ್ಗೆಯೂ ಒಂದು ಎಚ್ಚರ. 1990ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ತಂಡ, ಮುಟ್ಟು ನಿಂತ 202 ಹೆಂಗಸರ ಮೇಲೆ ನಡೆಸಿದ ಚಿಕಿತ್ಸಾ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸೋಡಿಯಂ ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಏರಿತು. ಆದರೆ ಬೆನ್ನುಮೂಳೆಯನ್ನು ಬಿಟ್ಟು ಉಳಿದ ಮೂಳೆಗಳು ಮುರಿಯುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಫ್ಲೋರೈಡ್ ಪೀಡಿತ ಊರಿನಲ್ಲಿ ‘ಮೂಳೆ ಗಟ್ಟಿಯಾಗಿದೆ’ ಎಂಬ ವರದಿ ನೆಮ್ಮದಿ ಕೊಡುವ ಮಾತಲ್ಲ. ಬೀಳದಂತೆ ನೋಡಿಕೊಳ್ಳುವುದೇ ಅಲ್ಲಿ ಮೂಳೆಯ ರಕ್ಷಣೆ.

ಇಲ್ಲಿನ ಹಿರಿಯರಿಗೆ ಒಂದು ಆಸ್ತಿಯೂ ಇದೆ. ಅಡಿಕೆ ಸುಲಿಯುವ, ಶೇಂಗಾ ಬಿಡಿಸುವ, ಕಳೆ ತೆಗೆಯುವ ಹೆಂಗಸರು ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಊಟಕ್ಕೆ, ಪೂಜೆಗೆ, ಹರಟೆಗೆ ನೆಲವೇ ಆಸನ. ಪಾದದ ಕೀಲು ಪೂರ್ತಿ ಮಡಚುವುದು, ತೊಡೆ ದೇಹವನ್ನು ಎತ್ತುವುದು ಅವರಿಗೆ ದಿನದ ರೂಢಿ. ಬ್ರೆಜಿಲಿನ ಕ್ಲಾಡಿಯೊ ಅರೌಜೊ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲದ ಮೇಲೆ ಕೂತು ಕೈಯೂರದೆ ಏಳಬಲ್ಲವರ ಬದುಕಿನ ನಿರೀಕ್ಷೆ ಏಳಲಾರದವರಿಗಿಂತ ಚೆನ್ನಾಗಿತ್ತು. ಅದೇ ತಂಡ 2022ರಲ್ಲಿ 51ರಿಂದ 75 ವರ್ಷದ 1,702 ಜನರನ್ನು ನೋಡಿ, ಒಂಟಿಕಾಲಿನಲ್ಲಿ 10 ಸೆಕೆಂಡ್ ನಿಲ್ಲಲಾರದವರು ಐವರಲ್ಲಿ ಒಬ್ಬರು ಎಂದು ಹೇಳಿತು. ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು, 1991ರಲ್ಲಿ ಪ್ರಕಟವಾದದ್ದು. ಕುರ್ಚಿ ಅಪರೂಪವಾದ ಮನೆಯವರನ್ನು ಕುರ್ಚಿಯಿಂದಲೇ ಅಳೆಯುವುದಕ್ಕಿಂತ ನೆಲದಿಂದ ಏಳುವುದನ್ನು ಅಳೆಯುವುದು ಹೆಚ್ಚು ನ್ಯಾಯ. ಮಂಡಿನೋವಿಗೆಂದು ಒಮ್ಮೆಲೇ ನೆಲ ಬಿಡಿಸಿ ಕುರ್ಚಿಗೆ ಕೂರಿಸುವ ಸಲಹೆಯನ್ನೂ ವೈದ್ಯರು ಎರಡು ಸಲ ಯೋಚಿಸಿ ಕೊಡಬೇಕು.

ಬರಿಗಾಲಿನದು ಚರ್ಚೆಯ ವಿಷಯ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬರಿಗಾಲನ್ನೂ ಕಾಲುಚೀಲವನ್ನೂ ಅಪಾಯದ ಕಡೆ ಸೇರಿಸಿತು. ಆದರೆ ಅಲ್ಲಿನವರು ಬದುಕಿಡೀ ಬೂಟು ಹಾಕಿದವರು. ಹುಟ್ಟಿನಿಂದ ಬರಿಗಾಲಿನಲ್ಲಿ ನಡೆದವರ ಅಂಗಾಲಿಗೆ ಆ ತೀರ್ಪನ್ನು ಹಾಗೆಯೇ ಅನ್ವಯಿಸಲಾಗದು. ಸವೆದ ಹವಾಯಿ ಚಪ್ಪಲಿಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ: ಹಿಮ್ಮಡಿಯನ್ನು ಹಿಡಿಯದ, ಒದ್ದೆ ನೆಲದಲ್ಲಿ ಜಾರುವ ಆ ಚಪ್ಪಲಿ ಹಿರಿಯರಿಗೆ ಬೇಡ.

ಕೈಗಳ ವಿಷಯವನ್ನು ಸಂಶೋಧಕರೂ ತಡವಾಗಿ ಗಮನಿಸಿದರು. ತಳ್ಳಾಟಕ್ಕೆ ಕಾಲಿನಷ್ಟೇ ಬೇಗ ಭುಜದ ಸ್ನಾಯುಗಳೂ ಸ್ಪಂದಿಸುತ್ತವೆ, ಕೈ ತಾನಾಗಿ ಆಸರೆಗೆ ಚಾಚುತ್ತದೆ. ಕಂಕುಳಲ್ಲಿ ಕೊಡ, ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಮೊಮ್ಮಗು ಇದ್ದವರಿಗೆ ಈ ಉಪಾಯ ಇಲ್ಲ. ಸೀರೆಯ ನೆರಿಗೆ, ಕಟ್ಟಿದ ಪಂಚೆ ದೊಡ್ಡ ಹೆಜ್ಜೆಗೆ ಅಡ್ಡಿಯಾಗುವುದೂ ಲೆಕ್ಕಕ್ಕೆ ಬರಬೇಕು. ಕೆನಡಾದ ಎರಡು ವೃದ್ಧಾಶ್ರಮಗಳಲ್ಲಿ ಕ್ಯಾಮೆರಾದಲ್ಲಿ ಸೆರೆಯಾದ 227 ಬೀಳುವಿಕೆಗಳನ್ನು ಸ್ಟೀಫನ್ ರಾಬಿನೋವಿಚ್ ತಂಡ 2013ರಲ್ಲಿ ವಿಶ್ಲೇಷಿಸಿತು. ಎಡವಿದ್ದು ಶೇ 21ರಷ್ಟು. ದೇಹದ ಭಾರವನ್ನು ತಪ್ಪಾಗಿ ಸರಿಸಿಕೊಂಡದ್ದೇ ಶೇ 41. ಹೊಸ್ತಿಲು ಎಡವಿ ಬಿದ್ದರು ಎಂದು ನಾವು ಸುಲಭವಾಗಿ ಹೇಳುತ್ತೇವೆ. ತಿರುಗುವಾಗ, ಏಳುವಾಗ, ಏನನ್ನೋ ಎಟುಕಿಸಿಕೊಳ್ಳುವಾಗ ಬಿದ್ದವರೇ ಹೆಚ್ಚಿರಬಹುದು.

ಉಳಿದ ಕಾರಣಗಳು ಎಲ್ಲ ಊರಿಗೂ ಸಾಮಾನ್ಯ: ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವುದು, ಬಿ12 ಕೊರತೆ, ನಿದ್ದೆ ಮಾತ್ರೆ, ಎದ್ದೊಡನೆ ರಕ್ತದೊತ್ತಡ ಇಳಿದು ಬವಳಿ ಬರುವುದು. ಕಣ್ಣಿನ ಪೊರೆಗೆ ಮಾತ್ರ ಒತ್ತುಕೊಟ್ಟು ಹೇಳಬೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಹೆಂಗಸರಿಗೆ ಮೊದಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ತಡಮಾಡದೆ ಮಾಡಿದಾಗ ಬೀಳುವ ಪ್ರಮಾಣ ಶೇ 34ರಷ್ಟು ತಗ್ಗಿತು ಎಂದು 2005ರಲ್ಲಿ ವರದಿಯಾಯಿತು. ಸುಗ್ಗಿ ಮುಗಿಯಲಿ, ಮದುವೆ ಆಗಲಿ ಎಂದು ಪೊರೆಯನ್ನು ಮುಂದೂಡುವ ಮನೆಗಳು ಈ ಅಂಕಿಯನ್ನು ತಿಳಿಯಬೇಕು.

ತರಬೇತಿಯಿಂದ ಪ್ರಯೋಜನವಿದೆ. 2019ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ಇಳಿಯುತ್ತದೆ. ಸಮತೋಲನದ ಮತ್ತು ದಿನಬಳಕೆಯ ಚಲನೆಗಳ ಅಭ್ಯಾಸ ಅದರಲ್ಲಿ ಮುಖ್ಯ. ಇನ್ನೂ ನೇರವಾದ ದಾರಿ, ಬೇಕೆಂದೇ ಆಯ ತಪ್ಪಿಸಿ ಕಲಿಸುವುದು. ಯಿ-ಚುಂಗ್ ಪೈ ಮತ್ತು ತನ್ವಿ ಭಟ್ ಅವರ ತಂಡ ಷಿಕಾಗೋದಲ್ಲಿ ವಯಸ್ಸಾದವರಿಗೆ ಮೈಗೆ ಬೆಲ್ಟ್ ಕಟ್ಟಿ ಒಂದೇ ಬೈಠಕ್ಕಿನಲ್ಲಿ 24 ಸಲ ಜಾರಿಸಿತು. ಮುಂದಿನ ಒಂದು ವರ್ಷದಲ್ಲಿ ಅವರು ಬೀಳುವ ಸಂಭವ ಸುಮಾರು ಅರ್ಧಕ್ಕಿಳಿಯಿತು ಎಂದು 2014ರಲ್ಲಿ ಪ್ರಕಟಿಸಿತು. ಅಂಥ ಯಂತ್ರ ತಾಲ್ಲೂಕು ಆಸ್ಪತ್ರೆಗೆ ಬೇಕಿಲ್ಲ. ಪಡಸಾಲೆಯ ಕಂಬ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಪಕ್ಕಕ್ಕೆ ಮತ್ತು ಹಿಂದಕ್ಕೆ ಬೇಗ ಹೆಜ್ಜೆ ಇಡುವುದು, ಹಿಮ್ಮಡಿಯ ಮೇಲೆ ನಿಂತು ಬೆರಳು ಮೇಲೆತ್ತುವುದು ಮನೆಯಲ್ಲೇ ಆಗುತ್ತದೆ. ಪಕ್ಕದಲ್ಲಿ ಹಿಡಿಯಲು ಒಬ್ಬರಿರಬೇಕು. ಕೈಕಾಲು ಜೋಮು, ಬಿಗಿದ ಕತ್ತು, ಮೂತ್ರ ಹಿಡಿತ ತಪ್ಪುವುದು ಇದ್ದವರು ಬೆನ್ನುಹುರಿಯ ತಪಾಸಣೆ ಆಗುವವರೆಗೆ ತಳ್ಳಿಸಿಕೊಳ್ಳುವ, ಜಾರಿಸುವ ಅಭ್ಯಾಸ ಮಾಡಲೇಬಾರದು. ಫ್ಲೋರೈಡ್ ಇರುವ ಊರುಗಳಲ್ಲಿ ಈ ಎಚ್ಚರ ಕಡ್ಡಾಯ.

ಈ ನಾಲ್ಕು ತಾಲ್ಲೂಕುಗಳ ವೈದ್ಯಾಧಿಕಾರಿಗಳಲ್ಲಿ, ಫಿಸಿಯೋಥೆರಪಿ ಓದುತ್ತಿರುವವರಲ್ಲಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ ಒಂದೇ. ಹಿರಿಯರ ಹೆಸರಿನ ಮುಂದೆ ‘ಬಿದ್ದಿದ್ದಾರೆ’ ಎಂದು ಬರೆದು ನಿಲ್ಲಿಸಬೇಡಿ. ಯಾವ ದಿಕ್ಕಿಗೆ, ಯಾವ ನೆಲದಲ್ಲಿ, ಕೈಯಲ್ಲಿ ಏನಿದ್ದಾಗ, ಎಷ್ಟು ವರ್ಷ ಯಾವ ನೀರು ಕುಡಿದವರು ಎಂಬ ನಾಲ್ಕು ಮಾತನ್ನು ಕೇಳಿ ಬರೆದುಕೊಳ್ಳಿ. ಅದಕ್ಕೆ ಪೆನ್ನು ಮತ್ತು ಎರಡು ನಿಮಿಷ ಸಾಕು.